645 ಹಕ್ಕಿಗಳ ಗುಮ್ಮಟ: ಸಿಡ್ನಿ ಹಡಗು ಅಷ್ಟು ಹತ್ತಿರ ಹೋಗಿದ್ದು ಯಾಕೆ?

ಪರ್ತ್‌ವಾಸಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ರಜೆ ಇತ್ತು ಅಂತ ಮಗನನ್ನು ಕರೆದುಕೊಂಡು ಜೆರಾಲ್ಡ್‌ಟನ್‌ಗೆ ಹೋಗಿದ್ದೆ. ಪರ್ತ್‌ನಿಂದ ಉತ್ತರಕ್ಕೆ ಸುಮಾರು 420 ಕಿ.ಮೀ. ದಾರಿಯಲ್ಲಿ ಗ್ರೀನೊ ಅನ್ನೋ ಕಡೆ ಮರಗಳೆಲ್ಲ ಗಾಳಿಗೆ ಬಾಗಿ ನೆಲದ ಮೇಲೇ ಮಲಗಿವೆ. ಅಂಥ ಗಾಳಿಯ ಊರು ಅದು.

ಊರಿನ ನಡುವೆ ಮೌಂಟ್ ಸ್ಕಾಟ್ ಅಂತ ಒಂದು ಗುಡ್ಡ ಇದೆ. ಅದರ ಮೇಲೆ ಎಚ್‌ಎಂಎಎಸ್ ಸಿಡ್ನಿ ಸ್ಮಾರಕ. ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಆಸ್ಟ್ರೇಲಿಯಾ ನೌಕಾಪಡೆಯ ಹಡಗು ಅದು. ಸ್ಟೀಲಿನ ಗುಮ್ಮಟ ಒಂದಿದೆ, ಗೋಡೆ ಇಲ್ಲ, ಬರೀ ಕಂಬಗಳು. ತಲೆ ಎತ್ತಿ ನೋಡಿದರೆ ಗುಮ್ಮಟ ಪೂರ್ತಿ ಕಡಲಹಕ್ಕಿಗಳೇ. ರೆಕ್ಕೆಗೆ ರೆಕ್ಕೆ ತಾಗಿಸಿ ಜೋಡಿಸಿದ್ದಾರೆ, ಸಂದಿಯಲ್ಲಿ ಆಕಾಶ ಕಾಣುತ್ತೆ. ಒಟ್ಟು 645 ಹಕ್ಕಿ. 1941ರ ನವೆಂಬರ್ 19ರಂದು ಆ ಹಡಗಿನಲ್ಲಿದ್ದವರು 645 ಜನ. ಒಬ್ಬರೂ ಬದುಕಲಿಲ್ಲ.

ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸಿನ ಕಂಚಿನ ಪ್ರತಿಮೆ. ಗಾಳಿಗೆ ಹಾರದ ಹಾಗೆ ಟೋಪಿ ಹಿಡಿದುಕೊಂಡು ಕಡಲಿನ ಕಡೆ ನೋಡುತ್ತಾ ನಿಂತಿದ್ದಾಳೆ. ಅವಳಿಗೆ ಹೆಸರಿಲ್ಲ, 'ಕಾಯುವ ಹೆಂಗಸು' ಅಂತಲೇ ಕರೆಯುತ್ತಾರೆ. ನಾನು ಅಲ್ಲಿ ನಿಂತಾಗಲೂ ಗಾಳಿ ಹಾಗೇ ಬೀಸುತ್ತಿತ್ತು. ನನ್ನ ಕೈ ತಾನಾಗೇ ದುಪಟ್ಟಾ ಹಿಡಿದುಕೊಂಡಿತು. ಆಮೇಲೆ ಅವಳ ಕೈ ನೋಡಿದೆ. ಅಲ್ಲೇ ಕಣ್ಣು ತುಂಬಿ ಬಂತು.

ಮಗನಿಗೆ ಹನ್ನೊಂದು ವರ್ಷ. ಅಲ್ಲಿನ ಫಲಕ ಎಲ್ಲ ಓದಿದ. ಕೊನೆಗೆ ಒಂದು ಪ್ರಶ್ನೆ ಕೇಳಿದ, ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಮ್ಮ, ಸಿಡ್ನಿ ಯುದ್ಧದ ಹಡಗು. ಎದುರಿಗಿದ್ದ ಜರ್ಮನಿಯ ಕೊರ್ಮೊರಾನ್ ಸರಕಿನ ಹಡಗಿಗೆ ಗನ್ ಕಟ್ಟಿದ್ದು. ಹಾಗಿದ್ರೆ ಸಿಡ್ನಿ ಹೇಗೆ ಸೋತಿತು?" ಇಲ್ಲಿ ತಿಳಿದವರು ಇದ್ದೀರಿ. ಅವನಿಗೆ ಅರ್ಥ ಆಗೋ ಹಾಗೆ ಹೇಳ್ತೀರಾ?

ಇತಿಹಾಸಮೇಷ್ಟ್ರು

ಒಳ್ಳೇ ಪ್ರಶ್ನೆ ಕೇಳಿದ್ದಾನೆ ನಿಮ್ಮ ಮಗ. ಮೊದಲು ಘಟನೆ ಹೇಳಿಬಿಡ್ತೀನಿ.

ಸಿಡ್ನಿ ಹಡಗು ಜಾವಾ ಸುಮಾತ್ರಾ ನಡುವಿನ ಸುಂಡಾ ಜಲಸಂಧಿವರೆಗೆ ಝೀಲ್ಯಾಂಡಿಯಾ ಅನ್ನೋ ಹಡಗಿಗೆ ಕಾವಲು ಹೋಗಿತ್ತು. ನವೆಂಬರ್ 17ಕ್ಕೆ ಆ ಕೆಲಸ ಮುಗಿಸಿ ಫ್ರೀಮ್ಯಾಂಟಲ್‌ಗೆ ವಾಪಸ್ ಹೊರಟಿತು. 20ಕ್ಕೆ ಮುಟ್ಟಬೇಕಿತ್ತು. 19ರ ಸಂಜೆ ನಾಲ್ಕರ ಸುಮಾರಿಗೆ, ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಿಂದ ಬಹಳ ಆಚೆ, ಒಂದು ಹಡಗು ಕಂಡಿತು. ಡಚ್ ಬಾವುಟ ಹಾರಿಸಿತ್ತು, ಹೆಸರು ಸ್ಟ್ರಾಟ್ ಮಲಕ್ಕಾ ಅಂತ ಹೇಳಿತು. ನಿಜವಾಗಿ ಅದು ಜರ್ಮನಿಯ ಕೊರ್ಮೊರಾನ್. ಕ್ಯಾಪ್ಟನ್ ಥಿಯೊಡರ್ ಡೆಟ್ಮರ್ಸ್.

ಸಿಡ್ನಿ ಹತ್ತಿರ ಹತ್ತಿರ ಬಂತು. ಒಂದೂವರೆ ಗಂಟೆ ದೀಪ, ಬಾವುಟಗಳ ಸಂಕೇತದಲ್ಲೇ ಮಾತುಕತೆ. ಕೊನೆಗೆ ಸಿಡ್ನಿ ಒಂದು ಗುಟ್ಟಿನ ಸಂಕೇತ ಕೇಳಿತು. ನಿಜವಾದ ಸ್ಟ್ರಾಟ್ ಮಲಕ್ಕಾ ಆಗಿದ್ದರೆ ಉತ್ತರ ಗೊತ್ತಿರುತ್ತಿತ್ತು. ಡೆಟ್ಮರ್ಸ್‌ಗೆ ಗೊತ್ತಿರಲಿಲ್ಲ. ಐದೂವರೆಗೆ ಡಚ್ ಬಾವುಟ ಇಳಿಸಿ, ಜರ್ಮನ್ ಬಾವುಟ ಏರಿಸಿ, ಮುಚ್ಚಿಟ್ಟಿದ್ದ ಗನ್‌ಗಳನ್ನೆಲ್ಲ ತೆರೆದು ಹೊಡೆದ. ಆಗ ಎರಡೂ ಹಡಗಿನ ನಡುವೆ ಇದ್ದದ್ದು ಒಂದು, ಒಂದೂವರೆ ಕಿಲೋಮೀಟರ್ ಅಷ್ಟೇ.

ತುಂಗಾತೀರ

ಒಂದು ಕಿಲೋಮೀಟರ್ ಅಂದ್ರೆ ಕಡಲಲ್ಲಿ ಹತ್ತಿರವಾ ಮೇಷ್ಟ್ರೇ? ನಮ್ಮಂಥ ಮಲೆನಾಡಿನವರಿಗೆ ಅಂದಾಜು ಸಿಗಲ್ಲ.

ಹಳೇಗನ್ನರ್

ಇದಕ್ಕೆ ನಾನು ಉತ್ತರ ಕೊಡ್ತೀನಿ. ನಾನು ನಮ್ಮ ನೌಕಾಪಡೆಯಲ್ಲಿದ್ದವನು. ಎಪ್ಪತ್ತರ ದಶಕದಲ್ಲಿ, ಎಳೇ ಹುಡುಗನಾಗಿದ್ದಾಗ, ಐಎನ್‌ಎಸ್ ಡೆಲ್ಲಿ ಅನ್ನೋ ಹಳೇ ಕ್ರೂಸರ್‌ನಲ್ಲಿ ಕೆಲಸ ಕಲಿತೆ. ಆ ಹಡಗಿನ ಹಿಂದಿನ ಹೆಸರು ಅಕಿಲೀಸ್. ಲಿಯಾಂಡರ್ ವರ್ಗದ್ದು. ಸಿಡ್ನಿಯೂ ಅದೇ ವರ್ಗದ ಸ್ವಲ್ಪ ತಿದ್ದಿದ ರೂಪ. ಅಂದ್ರೆ ಸಿಡ್ನಿಯ ಅಕ್ಕನೋ ತಂಗಿಯೋ ನಮ್ಮ ಬಾವುಟದ ಕೆಳಗೆ 1978ರವರೆಗೂ ಇತ್ತು. ಅದಕ್ಕೇ ಸಿಡ್ನಿ ಸುದ್ದಿ ಬಂದರೆ ನನಗೆ ನಮ್ಮ ಮನೆಯದೇ ಅನ್ನಿಸುತ್ತೆ.

ಸಿಡ್ನಿಯಲ್ಲಿ ಆರಿಂಚಿನ ಗನ್ ಎಂಟು. ಎರಡೆರಡರಂತೆ ನಾಲ್ಕು ಟರೆಟ್, ಅಂದ್ರೆ ಗನ್ ಕೂರಿಸಿದ ತಿರುಗುವ ಉಕ್ಕಿನ ಗೂಡು. ಮುಂದೆ ಎ ಮತ್ತು ಬಿ, ಹಿಂದೆ ಎಕ್ಸ್ ಮತ್ತು ವೈ. ನಮ್ಮ ಡೆಲ್ಲಿಯಲ್ಲಿ ಮೂರೇ ಉಳಿದಿದ್ದವು, ಒಂದನ್ನು ಯುದ್ಧದ ಕಾಲದಲ್ಲೇ ತೆಗೆದಿದ್ದರು. ಒಂದು ಶೆಲ್ಲಿನ ತೂಕ ಸುಮಾರು 51 ಕೆ.ಜಿ. ನಮ್ಮ ಕಡೆ ಭತ್ತದ ಮೂಟೆ ಹೊತ್ತವರಿಗೆ ಗೊತ್ತಾಗುತ್ತೆ. ಶೆಲ್ ಬೇರೆ, ಅದನ್ನು ತಳ್ಳುವ ಮದ್ದಿನ ಚೀಲ ಬೇರೆ. ಹಡಗು ಹೊಯ್ದಾಡುವಾಗ, ಸೆಕೆಯಲ್ಲಿ, ಎಣ್ಣೆ ವಾಸನೆಯಲ್ಲಿ ಇದನ್ನು ಒಂದಾದ ಮೇಲೊಂದು ತುಂಬಬೇಕು. ಹೊಡೆದಾಗ ಶಬ್ದ ಕಿವಿಗೆ ಬರೋದಕ್ಕಿಂತ ಮೊದಲು ಎದೆಗೆ ಬರುತ್ತೆ.

ಈ ಗನ್ನಿನ ಗುಂಡು ಸುಮಾರು 23 ಕಿ.ಮೀ. ಹೋಗುತ್ತೆ. ಈಗ ಹೇಳಿ, 23 ಕಿ.ಮೀ. ಹೊಡೆಯೋ ಗನ್ ಇಟ್ಟುಕೊಂಡವನು ಒಂದು ಕಿ.ಮೀ.ಗೆ ಬಂದು ನಿಂತರೆ ಏನಾಯ್ತು? ಅವನಿಗಿದ್ದ ಮೇಲುಗೈ ಪೂರ್ತಿ ಹೋಯ್ತು. ದೂರದಲ್ಲಿದ್ದಿದ್ದರೆ ಸಿಡ್ನಿಯ ಗುರಿ ಹಿಡಿಯುವ ಯಂತ್ರ, 32 ನಾಟ್ ವೇಗ ಎಲ್ಲ ಕೆಲಸಕ್ಕೆ ಬರುತ್ತಿತ್ತು. ಕೊರ್ಮೊರಾನ್‌ನ ವೇಗ ಬರೀ 18 ನಾಟ್. ಅದರ ಆರು 15 ಸೆಂ.ಮೀ. ಗನ್‌ಗಳು ಮೊದಲನೇ ಮಹಾಯುದ್ಧದ ಕಾಲದ ಮಾದರಿ. ಆದರೆ ಒಂದು ಕಿ.ಮೀ.ನಲ್ಲಿ ಹಳೇ ಗನ್, ಹೊಸ ಗನ್ ಅಂತ ಇಲ್ಲ. ಯಾರು ಮೊದಲು ಹೊಡೆದರೋ ಅವರದ್ದೇ.

ಇನ್ನೊಂದು ಮಾತು, ಮಗನಿಗೆ ಹೇಳಿ. ಈ ಕ್ರೂಸರ್‌ಗಳ ಟರೆಟ್‌ಗೆ ಇದ್ದ ಉಕ್ಕಿನ ದಪ್ಪ ಒಂದಿಂಚು. ನೋಡೋಕೆ ಕೋಟೆ ಹಾಗೆ ಕಾಣುತ್ತೆ. ಒಳಗೆ ನಿಂತವನಿಗೆ ಗೊತ್ತು, ಅದು ಮಳೆಗಾಳಿಗೆ ಮರೆ ಅಷ್ಟೇ ಅಂತ.

ಪರ್ತ್‌ವಾಸಿ

ಸರ್, ಇದನ್ನು ಅವನಿಗೆ ಓದಿ ಹೇಳಿದೆ. 51 ಕೆ.ಜಿ. ಅಂದ ತಕ್ಷಣ "ನನಗಿಂತ ಜಾಸ್ತಿ" ಅಂದ. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ಮೊದಲು ಯಾವುದಕ್ಕೆ ಹೊಡೆದರು ಅಂತ ಕೇಳ್ತಾ ಇದ್ದಾನೆ.

ಹಳೇಗನ್ನರ್

ಬ್ರಿಜ್‌ಗೆ. ಕ್ಯಾಪ್ಟನ್ ನಿಲ್ಲುವ ಜಾಗ. ಅದರ ಮೇಲೇ ಗುರಿ ಹಿಡಿಯುವ ಟವರ್ ಇರುತ್ತೆ. ನಾಲ್ಕೂ ಟರೆಟ್‌ಗೆ "ಇಷ್ಟು ದೂರ, ಈ ದಿಕ್ಕು, ಹೊಡಿ" ಅನ್ನೋ ಲೆಕ್ಕ ಅಲ್ಲಿಂದ ಬರಬೇಕು. ಮೊದಲ ಕೆಲವೇ ನಿಮಿಷದಲ್ಲಿ ಅದು ಹೋಯಿತು. ಜೊತೆಗೆ 3.7 ಸೆಂ.ಮೀ. ಮತ್ತು 2 ಸೆಂ.ಮೀ.ನ ಸಣ್ಣ ಗನ್‌ಗಳಿಂದ ಡೆಕ್ ಪೂರ್ತಿ ಸವರಿಬಿಟ್ಟರು. ನಾಲ್ಕಿಂಚಿನ ಗನ್‌ಗಳು ಬಯಲಲ್ಲೇ ಇದ್ದವು, ಅಲ್ಲಿಗೆ ಓಡಿದವರು ಯಾರೂ ನಿಲ್ಲೋ ಹಾಗಿರಲಿಲ್ಲ. ಒಂದು ಟಾರ್ಪಿಡೊ ಮೂತಿಗೆ ಬಡಿಯಿತು. ಮುಂದಿನ ಎರಡೂ ಟರೆಟ್ ಸುಮ್ಮನಾದವು.

ಆಗ ಹಿಂದಿನ ಎಕ್ಸ್ ಟರೆಟ್ ಏನು ಮಾಡಿತು ಗೊತ್ತಾ? ಮೇಲಿನಿಂದ ಲೆಕ್ಕ ಇಲ್ಲ, ಆಜ್ಞೆ ಇಲ್ಲ. ಟರೆಟ್ ಒಳಗಿನವರು ತಾವೇ ಕಣ್ಣಿಟ್ಟು ಗುರಿ ಹಿಡಿದು ಹೊಡೆದರು. ಇದನ್ನು ಹೇಳಿದ್ದು ಜರ್ಮನ್ನರೇ. ಎಕ್ಸ್ ಟರೆಟ್ ಬೇಗ ಬೇಗ, ಸರಿಯಾಗಿ ಹೊಡೆಯಿತು ಅಂತ. ಆ ಗುಂಡುಗಳೇ ಕೊರ್ಮೊರಾನ್‌ನ ಇಂಜಿನ್ ರೂಮಿಗೆ ಹೊಕ್ಕವು. ಬೆಂಕಿ ಹತ್ತಿತು, ಇಂಜಿನ್ ನಿಂತಿತು. ಹೊಟ್ಟೆಯಲ್ಲಿ ನೂರಾರು ಕಡಲ ಮೈನ್ ತುಂಬಿಕೊಂಡಿದ್ದ ಹಡಗು ಅದು. ಬೆಂಕಿ ಆರಿಸೋಕೆ ಆಗಲಿಲ್ಲ. ಡೆಟ್ಮರ್ಸ್ ತನ್ನ ಹಡಗನ್ನು ತಾನೇ ಸಿಡಿಸಿ ಮುಳುಗಿಸಬೇಕಾಯ್ತು.

ಸೋತಿತು ಅಂತಾನಲ್ಲ ನಿಮ್ಮ ಮಗ, ಎರಡೂ ಮುಳುಗಿದವು ಅಂತ ಹೇಳಿ. ಎಕ್ಸ್ ಟರೆಟ್‌ನಲ್ಲಿ ಆ ಹೊತ್ತು ಶೆಲ್ ಎತ್ತಿದ ಕೈಗಳು ಯಾರವು ಅಂತ ಹೇಳಲು ಒಬ್ಬನೂ ಉಳಿಯಲಿಲ್ಲ. ನಾನು ಅಂಥದೇ ಟರೆಟ್‌ನಲ್ಲಿ ನಿಂತವನು. ಇದನ್ನು ಬರೆಯುವಾಗ ಕೈ ನಡುಗುತ್ತೆ.

ಕಾರವಾರ_ಕಡಲು

ನಮಸ್ತೆ ಸರ್. ಕಾರವಾರದ ಬೀಚಿನಲ್ಲಿ ಐಎನ್‌ಎಸ್ ಚಪಲ್ ಇಟ್ಟಿದ್ದಾರಲ್ಲ, ಚಿಕ್ಕವನಿದ್ದಾಗಿನಿಂದ ನೋಡಿ ನೋಡಿ ಯುದ್ಧದ ಹಡಗು ಅಂದರೆ ಕ್ಷಿಪಣಿ ಅಂತಲೇ ತಲೆಯಲ್ಲಿ ಕೂತಿದೆ. ಮೂತಿಗೆ ಮೂತಿ ಕೊಟ್ಟು ಗನ್‌ನಲ್ಲಿ ಹೊಡೆದಾಡುವುದು ಊಹೆಗೇ ಬರಲ್ಲ.

ಒಂದು ಅನುಮಾನ. ಜಪಾನಿನ ಸಬ್‌ಮರೀನ್ ಸಿಡ್ನಿಯನ್ನು ಮುಳುಗಿಸಿತು, ನೀರಿಗೆ ಬಿದ್ದವರನ್ನು ಮಷೀನ್ ಗನ್‌ನಿಂದ ಕೊಂದರು ಅಂತ ಒಂದು ವಿಡಿಯೊದಲ್ಲಿ ನೋಡಿದ್ದೆ. 645 ಜನರಲ್ಲಿ ಒಬ್ಬರೂ ಬದುಕದೆ, ಎದುರಿನವರಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಬದುಕಿದ್ದು ಹೇಗೆ?

ಇತಿಹಾಸಮೇಷ್ಟ್ರು

ಈ ಮಾತು ಆಸ್ಟ್ರೇಲಿಯಾದಲ್ಲಿ 60 ವರ್ಷಕ್ಕೂ ಜಾಸ್ತಿ ಓಡಾಡಿತು. ಯಾಕೆ ಅಂದರೆ, ಹೇಳೋಕೆ ಇದ್ದವರು ಜರ್ಮನ್ನರು ಮಾತ್ರ. ಕಳೆದುಕೊಂಡವರು ಶತ್ರುವಿನ ಮಾತನ್ನು ಹೇಗೆ ನಂಬುತ್ತಾರೆ? ಅದನ್ನು ನಾನು ತಪ್ಪು ಅನ್ನಲ್ಲ.

ಆದರೆ ಈಗ ಹಡಗೇ ಸಾಕ್ಷಿ ಹೇಳಿದೆ. 2008ರ ಮಾರ್ಚ್‌ನಲ್ಲಿ ಡೇವಿಡ್ ಮರ್ನ್ಸ್ ತಂಡ ಮೊದಲು ಕೊರ್ಮೊರಾನ್ ಹುಡುಕಿತು, ಕೆಲವೇ ದಿನದಲ್ಲಿ ಸಿಡ್ನಿಯನ್ನೂ. ಎರಡರ ನಡುವೆ ಸುಮಾರು 21 ಕಿ.ಮೀ. ಅಂತರ. ಸಿಡ್ನಿ ಇರುವುದು 2,468 ಮೀಟರ್ ಆಳದಲ್ಲಿ. ಮೂತಿ ಮುರಿದು ಬೇರೆ ಬಿದ್ದಿದೆ. ಟಾರ್ಪಿಡೊ ಬಡಿದ ಗಾಯ ಕೊನೆಗೆ ಅಲೆಗಳ ಹೊಡೆತಕ್ಕೆ ಹರಿದು, ಹಡಗು ಬೇಗ ಮುಳುಗಿದೆ. 2009ರಲ್ಲಿ ಟೆರೆನ್ಸ್ ಕೋಲ್ ಅವರ ವಿಚಾರಣೆಯ ವರದಿ ಬಂತು. ಹಡಗಿನ ಮೈಮೇಲೆ 15 ಸೆಂ.ಮೀ. ಗುಂಡಿನ 87 ಹೊಡೆತಗಳನ್ನು ಗುರುತಿಸಿದರು. ಸಬ್‌ಮರೀನ್ ಕತೆಗೂ ಮಷೀನ್ ಗನ್ ಕತೆಗೂ ಸಾಕ್ಷಿ ಸಿಗಲಿಲ್ಲ. ಜರ್ಮನ್ನರು ಹೇಳಿದ್ದು ಬಹುಮಟ್ಟಿಗೆ ಸರಿ ಅಂತ ಆಯ್ತು.

ಕೊರ್ಮೊರಾನ್‌ನವರಿಗೆ ದೋಣಿ ಇಳಿಸೋಕೆ ಹೊತ್ತು ಸಿಕ್ಕಿತು. ಸಿಡ್ನಿಯವರ ದೋಣಿಗಳು ಗುಂಡಿಗೆ ಸಿಕ್ಕಿ ಹಾಳಾಗಿದ್ದವು. ಹೆಚ್ಚಿನವರು ಅಷ್ಟು ಹೊತ್ತಿಗೇ ಸತ್ತಿದ್ದರು ಅಥವಾ ಗಾಯಗೊಂಡಿದ್ದರು. ರಾತ್ರಿ ಹತ್ತರ ಸುಮಾರಿನವರೆಗೂ ದೂರದಲ್ಲಿ ಬೆಂಕಿಯ ಬೆಳಕು ಕಾಣುತ್ತಿತ್ತು ಅಂತ ಜರ್ಮನ್ನರು ಹೇಳಿದ್ದಾರೆ. ಆಮೇಲೆ ಅದೂ ಇಲ್ಲ.

ಡೆಟ್ಮರ್ಸ್ ಸೆರೆಯಲ್ಲಿದ್ದಾಗ ಯುದ್ಧದ ವಿವರವನ್ನು ಒಂದು ನಿಘಂಟಿನಲ್ಲಿ ಬಚ್ಚಿಟ್ಟಿದ್ದ. ಅಕ್ಷರಗಳ ಕೆಳಗೆ ಪೆನ್ಸಿಲ್‌ನಿಂದ ಸಣ್ಣ ಸಣ್ಣ ಚುಕ್ಕಿ. ಚುಕ್ಕಿ ಇಟ್ಟ ಅಕ್ಷರ ಜೋಡಿಸಿದರೆ ಇಡೀ ವರದಿ.

ತುಂಗಾತೀರ

ಹಾಗಾದರೆ ತಪ್ಪು ಕ್ಯಾಪ್ಟನ್‌ದೇ ಅಲ್ವಾ? ಅಷ್ಟು ಜನರ ಜೀವ ಅವನ ಕೈಯಲ್ಲಿತ್ತು. ಅನುಮಾನ ಇದ್ದ ಹಡಗಿನ ಪಕ್ಕಕ್ಕೆ ಯಾರಾದರೂ ಹೋಗ್ತಾರಾ?

ಚೆನ್ನೈಕನ್ನಡಿಗ

ಇದಕ್ಕೆ ಒಂದು ಹಳೇ ಸಂಗತಿ ಸೇರಿಸ್ತೀನಿ. ಮೊದಲನೇ ಸಿಡ್ನಿ ಅಂತ ಇನ್ನೊಂದು ಕ್ರೂಸರ್ ಇತ್ತು. ನಾವು ಮದ್ರಾಸಿನಲ್ಲಿ ಹುಟ್ಟಿ ಬೆಳೆದವರು, ಎಮ್ಡೆನ್ ಕತೆ ಕೇಳದೆ ದೊಡ್ಡವರಾಗಲಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಮದ್ರಾಸಿಗೆ ಬಂದು ಬರ್ಮಾ ಆಯಿಲ್ ಕಂಪನಿಯ ಟ್ಯಾಂಕ್‌ಗಳಿಗೆ ಗುಂಡು ಹೊಡೆಯಿತು. ಊರು ಬಿಟ್ಟು ಓಡಿದವರೆಷ್ಟೋ. ಹೈಕೋರ್ಟಿನ ಗೋಡೆಯಲ್ಲಿ ಅದರ ನೆನಪಿನ ಕಲ್ಲು ಈಗಲೂ ಇದೆ. ಇಂಗ್ಲಿಷ್ ಹಡಗಿನ ಹಾಗೆ ಕಾಣಲಿ ಅಂತ ಸುಳ್ಳು ಚಿಮಣಿ ಕಟ್ಟಿಕೊಂಡು ತಿರುಗಿದ ಹಡಗು ಅದು.

ಅದನ್ನು ಮುಗಿಸಿದ್ದು ಮೊದಲನೇ ಸಿಡ್ನಿ. 1914ರ ನವೆಂಬರ್ 9, ಕೊಕೊಸ್ ದ್ವೀಪದ ಹತ್ತಿರ. ಎಮ್ಡೆನ್‌ದು 10.5 ಸೆಂ.ಮೀ. ಗನ್, ಸಿಡ್ನಿಯದು ಆರಿಂಚು. ಎಮ್ಡೆನ್ ಒಂಬತ್ತು ಕಿ.ಮೀ.ಗೂ ಜಾಸ್ತಿ ದೂರದಿಂದಲೇ ಹೊಡೆದು ಮೊದಲ ಏಟು ಕೊಟ್ಟಿತು. ಸಿಡ್ನಿಯ ಕ್ಯಾಪ್ಟನ್ ಗ್ಲಾಸಪ್ ಏನು ಮಾಡಿದ? ತನ್ನ ವೇಗ ಬಳಸಿ ದೂರ ಕಾಯ್ದುಕೊಂಡ. ತನ್ನ ದೊಡ್ಡ ಗನ್‌ಗೆ ಅನುಕೂಲದ ದೂರದಲ್ಲೇ ಇದ್ದು ಹೊಡೆದ. ಎಮ್ಡೆನ್‌ನಲ್ಲಿ 134 ಜನ ಸತ್ತರು, ಸಿಡ್ನಿಯಲ್ಲಿ ನಾಲ್ವರು.

ಒಂದೇ ಹೆಸರು, ಒಂದೇ ಆರಿಂಚಿನ ಗನ್, ಒಂದೇ ಮಹಾಸಾಗರ. ಇಪ್ಪತ್ತೇಳು ವರ್ಷದ ಅಂತರದಲ್ಲಿ ಬೇರೆಯಾಗಿದ್ದು ದೂರ ಒಂದೇ.

ಹಳೇಗನ್ನರ್

ಸರಿಯಾಗಿ ಹೇಳಿದ್ರಿ. ಎರಡನೇ ಸಿಡ್ನಿಯೂ 1940ರ ಜುಲೈ 19ರಂದು ಹಾಗೇ ಗೆದ್ದಿತ್ತು. ಗ್ರೀಸ್ ಹತ್ತಿರ ಸ್ಪಾಡಾ ಭೂಶಿರದಲ್ಲಿ ಇಟಲಿಯ ಬಾರ್ತೊಲೊಮಿಯೊ ಕೊಲ್ಲಿಯೊನಿಯನ್ನು ಮುಳುಗಿಸಿತು. ಗುಂಡು ಶುರು ಮಾಡಿದ್ದು 17 ಕಿ.ಮೀ.ಗೂ ಜಾಸ್ತಿ ದೂರದಿಂದ. ಸಿಡ್ನಿಗೆ ತಗುಲಿದ್ದು ಒಂದೇ ಗುಂಡು, ಅದೂ ಚಿಮಣಿಗೆ. ಆಗ ಕ್ಯಾಪ್ಟನ್ ಜಾನ್ ಕಾಲಿನ್ಸ್. 1941ರ ಫೆಬ್ರವರಿಯಲ್ಲಿ ಹಡಗು ವಾಪಸ್ ಬಂದಾಗ ಸಿಡ್ನಿ ನಗರದ ಬೀದಿಯಲ್ಲಿ ಜನಸಾಗರ. ಮೇ ತಿಂಗಳಲ್ಲಿ ಹೊಸ ಕ್ಯಾಪ್ಟನ್ ಆಗಿ ಜೋಸೆಫ್ ಬರ್ನೆಟ್ ಬಂದರು.

ಬರ್ನೆಟ್ ತಪ್ಪು ಮಾಡಿದರಾ ಅಂದರೆ, ಹೌದು, ಕೋಲ್ ವರದಿಯೂ ಅದನ್ನೇ ಹೇಳುತ್ತೆ. ಆ ದಿನ ಆ ಜಾಗದಲ್ಲಿ ಇರಬೇಕಾದ ಹಡಗುಗಳ ಪಟ್ಟಿಯಲ್ಲಿ ಸ್ಟ್ರಾಟ್ ಮಲಕ್ಕಾ ಇರಲಿಲ್ಲ. ಅನುಮಾನ ಪಡಬೇಕಿತ್ತು. ಆದರೆ ತುಂಗಾತೀರದವರೇ, ನಾನು ಡೆಕ್ ಮೇಲೆ ನಿಂತು ದಿನಗಟ್ಟಲೆ ಬರೀ ಕಡಲು ನೋಡಿದವನು. ಯಾವುದೋ ಸರಕಿನ ಹಡಗು ಕಂಡರೆ ಮನಸ್ಸಿಗೆ ಮೊದಲು ಖುಷಿ ಆಗುತ್ತೆ. ಎಂಬತ್ತು ವರ್ಷದ ಮೇಲೆ, ಉತ್ತರ ಗೊತ್ತಿಟ್ಟುಕೊಂಡು, ಆ ಒಂದೂವರೆ ಗಂಟೆಯನ್ನು ತೂಗೋದು ಸುಲಭ. ಅವರೂ ಆ 645ರಲ್ಲಿ ಒಬ್ಬರು.

ತುಂಗಾತೀರ

ಒಪ್ಪಿದೆ ಸರ್. ದುಡುಕಿ ಬರೆದೆ. ಕ್ಷಮಿಸಿ.

ಇತಿಹಾಸಮೇಷ್ಟ್ರು

ಇದೇ ಕಡಲಿನ ಇನ್ನೊಂದು ಕತೆ, ನಮ್ಮವರದು. ಯುದ್ಧದಲ್ಲಿ ಆಸ್ಟ್ರೇಲಿಯಾ 60 ಬಾಥರ್ಸ್ಟ್ ವರ್ಗದ ಸಣ್ಣ ಹಡಗು ಕಟ್ಟಿತು. ಅದರಲ್ಲಿ ನಾಲ್ಕು ಆಗಿನ ರಾಯಲ್ ಇಂಡಿಯನ್ ನೇವಿಗೆ ಬಂದವು: ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್. ಬೆಂಗಾಲ್ ಕಟ್ಟಿದ್ದು ಸಿಡ್ನಿ ಬಂದರಿನ ಕಾಕಟೂ ದ್ವೀಪದಲ್ಲಿ. 1942ರ ನವೆಂಬರ್ 11ರಂದು ಆ ಪುಟ್ಟ ಹಡಗು, ಒಂಡಿನಾ ಅನ್ನೋ ಡಚ್ ತೈಲ ಹಡಗಿಗೆ ಕಾವಲಾಗಿ ಬರುವಾಗ, ಎರಡು ದೊಡ್ಡ ಜಪಾನಿ ದಾಳಿ ಹಡಗು ಎದುರಾದವು. ಅವೂ ಕೊರ್ಮೊರಾನ್ ಹಾಗೇ ಗನ್ ಕಟ್ಟಿದ ವ್ಯಾಪಾರಿ ಹಡಗುಗಳು. ಬೆಂಗಾಲ್‌ನಲ್ಲಿ ದೊಡ್ಡದು ಅಂತ ಇದ್ದದ್ದು ಮೂರಿಂಚಿನ ಒಂದೇ ಗನ್. ಆದರೂ ತೈಲ ಹಡಗು ತಪ್ಪಿಸಿಕೊಳ್ಳಲಿ ಅಂತ ಅವರ ಕಡೆಗೇ ನುಗ್ಗಿತು. ಜಪಾನಿನ ಹೊಕೊಕು ಮಾರು ಸಿಡಿದು ಮುಳುಗಿತು. ಬೆಂಗಾಲ್ ಉಳಿಯಿತು, ಒಂಡಿನಾ ಫ್ರೀಮ್ಯಾಂಟಲ್ ಸೇರಿತು. ನಮ್ಮ ಶಾಲೆಯ ಪಾಠದಲ್ಲಿ ಇದು ಎಲ್ಲೂ ಇಲ್ಲ. ನಾನು ಪಾಠ ಮಾಡಿದಷ್ಟು ವರ್ಷವೂ ಇದನ್ನು ಪುಸ್ತಕದ ಹೊರಗಿನಿಂದ ಹೇಳಿದೆ.

ಕಾರವಾರ_ಕಡಲು

ಗೊತ್ತೇ ಇರಲಿಲ್ಲ ಮೇಷ್ಟ್ರೇ! ನಮಗೆ ಹಡಗು ಕಳೆದುಕೊಂಡ ನೆನಪು ಅಂದರೆ ಐಎನ್‌ಎಸ್ ಖುಕ್ರಿ. 1971ರ ಡಿಸೆಂಬರ್ 9, ದಿಯು ಆಚೆ. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಡಲಿಲ್ಲ. ದಿಯುವಿನ ಸ್ಮಾರಕ ನೋಡಿದ್ದೇನೆ. ಅಲ್ಲೂ ಎದುರಿಗೆ ಬರೀ ಕಡಲು.

ಸಿಡ್ನಿಯವರ ಪೈಕಿ ಒಬ್ಬರ ದೇಹವೂ ಸಿಗಲಿಲ್ಲವಾ?

ಪರ್ತ್‌ವಾಸಿ

ಒಬ್ಬರದು ಸಿಕ್ಕಿತು. ಅದನ್ನು ಹೇಳಬೇಕು ಅಂತಲೇ ಇದ್ದೆ.

1942ರ ಫೆಬ್ರವರಿ 6ರಂದು ಕ್ರಿಸ್ಮಸ್ ದ್ವೀಪದ ಹತ್ತಿರ ಒಂದು ತೆಪ್ಪ ತೇಲಿ ಬಂತು. ಗುಂಡಿನ ಚೂರುಗಳು ಹೊಕ್ಕಿದ್ದ ತೆಪ್ಪ. ಒಳಗೆ ಒಬ್ಬ ನಾವಿಕನ ದೇಹ. ಹಾಕಿಕೊಂಡಿದ್ದ ನೀಲಿ ಬಟ್ಟೆ ಬಿಸಿಲಿಗೆ ಬಿಳಿಚಿ ಹೋಗಿತ್ತು. ಎರಡೂವರೆ ತಿಂಗಳು ಒಬ್ಬನೇ ತೇಲಿದ್ದ. ದ್ವೀಪದವರು ಗೌರವದಿಂದ ಮಣ್ಣು ಮಾಡಿದರು. ಮುಂದಿನ ತಿಂಗಳೇ ಜಪಾನಿನವರು ದ್ವೀಪ ಹಿಡಿದರು, ಸಮಾಧಿ ಎಲ್ಲಿ ಅನ್ನೋದೇ ಮರೆತುಹೋಯ್ತು. 2006ರಲ್ಲಿ ಹುಡುಕಿ ತೆಗೆದರು. ತಲೆಬುರುಡೆಯಲ್ಲಿ ಲೋಹದ ಚೂರು ಇತ್ತು. 2008ರ ನವೆಂಬರ್ 19ರಂದು ಜೆರಾಲ್ಡ್‌ಟನ್‌ನ ಯುದ್ಧ ಸಮಾಧಿಯಲ್ಲಿ ಮತ್ತೆ ಮಣ್ಣು ಮಾಡಿದರು. ಆಗಲೂ ಹೆಸರಿರಲಿಲ್ಲ.

ವಿಜ್ಞಾನಿಗಳು ಕೈಬಿಡಲಿಲ್ಲ. ಡಿಎನ್ಎ ತೆಗೆದು ಸಂಬಂಧಿಕರ ಜೊತೆ ಹೋಲಿಸುತ್ತಾ ಹೋದರು. 2021ರ ನವೆಂಬರ್ 19ಕ್ಕೆ, ಸರಿಯಾಗಿ 80 ವರ್ಷಕ್ಕೆ, ಹೆಸರು ಹೇಳಿದರು. ಥಾಮಸ್ ವೆಲ್ಸ್‌ಬಿ ಕ್ಲಾರ್ಕ್. ಬ್ರಿಸ್ಬೇನ್‌ನ ಹುಡುಗ, 21 ವಯಸ್ಸು. ಸಿಡ್ನಿ ಹಡಗಿಗೆ ಸೇರಿ ಕೆಲವೇ ತಿಂಗಳಾಗಿತ್ತು.

ಆ ಸಮಾಧಿಗೂ ಹೋಗಿದ್ದೆವು. ಮಗ ಅವನ ಹೆಸರನ್ನು ಜೋರಾಗಿ ಓದಿದ, ತರಗತಿಯಲ್ಲಿ ಹಾಜರಿ ಕರೆದ ಹಾಗೆ. ನಾನು ತಡೆಯಲಿಲ್ಲ.

ಹಳೇಗನ್ನರ್

ಒಳ್ಳೇದು ಮಾಡಿದ. ಒಂದು ಕೇಳಬೇಕಿತ್ತು ತಾಯಿ. ಹಡಗಿನಲ್ಲಿ ಕ್ಯಾಂಟೀನ್‌ನವರು ನಾಲ್ವರಿದ್ದರು, ಸೈನಿಕರಲ್ಲ. ವಾಯುಪಡೆಯವರು ಆರು ಜನ. ಅವರ ಹೆಸರು ಗೋಡೆ ಮೇಲೆ ಇದೆಯಾ? ನಮ್ಮ ಹಡಗಿನಲ್ಲಿ ಕ್ಯಾಂಟೀನ್‌ನವನು ಯಾವಾಗಲೂ ಒಂದು ಲೋಟ ಚಹಾ ಜಾಸ್ತಿ ಇಟ್ಟಿರುತ್ತಿದ್ದ. ರಾತ್ರಿ ಕಾವಲು ಮುಗಿಸಿ ಬರುವ ಎಳೆಯರಿಗೆ ಅಂತ.

ಪರ್ತ್‌ವಾಸಿ

ಇದೆ ಸರ್. ಕಪ್ಪು ಕಲ್ಲಿನ ಗೋಡೆ, 645 ಹೆಸರೂ ಇವೆ. ಕಲ್ಲು ಎಷ್ಟು ನುಣುಪು ಅಂದರೆ ಹೆಸರು ಓದುವಾಗ ನಮ್ಮ ಮುಖವೂ ಅದರಲ್ಲಿ ಕಾಣುತ್ತೆ. ಹಿಂದೆ ಕಡಲು ಕೂಡ.

ಹಕ್ಕಿಗಳು ಯಾಕೆ ಅಂತ ಅಲ್ಲಿ ಒಬ್ಬ ಸ್ವಯಂಸೇವಕಿ ಹೇಳಿದರು. 1998ರಲ್ಲಿ ಆ ಗುಡ್ಡವನ್ನು ಸ್ಮಾರಕಕ್ಕೆ ಅಂತ ಮೀಸಲಿಡುವ ದಿನ ಕಹಳೆ ಊದುವಾಗ ಕಡಲಹಕ್ಕಿಗಳ ದೊಡ್ಡ ಗುಂಪೊಂದು ತಲೆ ಮೇಲೆ ಹಾರಿ ಹೋಯಿತಂತೆ. ಸ್ಮಾರಕ 2001ರಲ್ಲಿ ಮುಗಿಯಿತು. ಹಡಗು ಸಿಕ್ಕಿದ್ದು 2008ರಲ್ಲಿ. ಆಮೇಲೆ ಅಲ್ಲಿ ಒಂದು ಕೊಳ ಕಟ್ಟಿದರು. ಅದರಲ್ಲಿ ಒಂದು ಹಕ್ಕಿ ರೆಕ್ಕೆಯ ತುದಿಯಿಂದ ಹಡಗು ಮಲಗಿರುವ ಜಾಗ ತೋರಿಸುತ್ತೆ.

ಹಳೇಗನ್ನರ್

ನನಗೆ ಈ ವಯಸ್ಸಿನಲ್ಲಿ ಅಲ್ಲಿಗೆ ಬರೋಕೆ ಆಗಲ್ಲ. ನವೆಂಬರ್ 19ಕ್ಕೆ ಹೋಗ್ತೀರಾದರೆ ನನ್ನ ಪರವಾಗಿ ಒಂದು ಹಿಡಿ ಹೂ ಇಟ್ಟು ಬರ್ತೀರಾ? ಎಕ್ಸ್ ಟರೆಟ್‌ನವರಿಗೆ. ಹೆಸರು ಗೊತ್ತಿಲ್ಲ ಅಂದರೂ ಪರವಾಗಿಲ್ಲ.

ಪರ್ತ್‌ವಾಸಿ

ಹೋಗ್ತೀನಿ ಸರ್. ಮಗನೂ ಬರ್ತಾನಂತೆ. ಅಲ್ಲಿನ ಗಾಳಿಗೆ ಹೂ ನಿಲ್ಲಲ್ಲ. ಮೇಲೊಂದು ಕಲ್ಲು ಇಟ್ಟು ಬರ್ತೀನಿ.